ಮುಪ್ಪಿನ ಯೋಜನೆ: ಹಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ

ಪರೀಕ್ಷೆಗೆ ವೃದ್ಧಾಪ್ಯದ ಯೋಜನೆ ಎಂಬ ವಿಷಯ ಓದುವ ನಾವು ಮೊದಲು ಹಿಡಿಯುವುದು ಹಣದ ಅಧ್ಯಾಯ. ಆರೋಗ್ಯ ಆಮೇಲೆ, ಆರೈಕೆ ಕೊನೆಯ ಒಂದೆರಡು ಪುಟ. ಮೂರನ್ನೂ ಹೀಗೆ ಬಿಡಿಬಿಡಿಯಾಗಿ ಓದಿದರೆ ಅವುಗಳ ನಡುವಿನ ಕೊಂಡಿ ಕಾಣುವುದೇ ಇಲ್ಲ. ನಾನು ಶುರು ಮಾಡುವುದು ಬೇರೆ ಪ್ರಶ್ನೆಯಿಂದ: ಯೋಜನೆ ಯಾರದೋ ಆ ವ್ಯಕ್ತಿ ತನ್ನ ಯಾವ ಯಾವ ಕೆಲಸವನ್ನು ತಾನೇ ಮಾಡಿಕೊಳ್ಳಬಲ್ಲರು, ಯಾವುದು ಮೊದಲು ಕೈಬಿಡಬಹುದು?

ಇದನ್ನು ಅಳೆಯಲು ಎರಡು ಹಳೆಯ ಮಾಪಕಗಳಿವೆ. ಇವತ್ತಿಗೂ ಬಳಕೆಯಲ್ಲಿರುವುದರಿಂದ ಎರಡನ್ನೂ ಬಾಯಿಪಾಠ ಮಾಡಿಕೊಳ್ಳಿ. 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಎಡಿಎಲ್ (ದೇಹವನ್ನು ನೋಡಿಕೊಳ್ಳುವ ದಿನನಿತ್ಯದ ಮೂಲ ಕೆಲಸಗಳು) ಮಾಪಕದಲ್ಲಿ ಆರು ಕೆಲಸಗಳು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯ ಬಳಸುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರದ ಮೇಲೆ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಇದಕ್ಕೊಂದು ಮೇಲಿನ ಹಂತ ಸೇರಿಸಿದರು. ಅದು ಐಎಡಿಎಲ್, ಅಂದರೆ ಸ್ವತಂತ್ರವಾಗಿ ಬದುಕು ನಡೆಸಲು ಬೇಕಾದ, ಇನ್ನಷ್ಟು ಜಟಿಲವಾದ ಕೆಲಸಗಳು. ಫೋನ್ ಬಳಕೆ, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ ತೆಗೆದುಕೊಳ್ಳುವುದು, ಹಣಕಾಸು ನೋಡಿಕೊಳ್ಳುವುದು ಎಂದು ಇಲ್ಲಿ ಎಂಟು.

ಸಾಮಾನ್ಯವಾಗಿ ಮೊದಲು ಸಡಿಲಾಗುವುದು ಎರಡನೇ ಪಟ್ಟಿಯ ಕೆಲಸಗಳು. ಮೊದಲ ಪಟ್ಟಿಯಲ್ಲಿ ಸ್ನಾನ ಬೇಗ ಕಷ್ಟವಾಗುತ್ತದೆ, ತಾನೇ ಉಣ್ಣುವ ಶಕ್ತಿ ಕೊನೆಯವರೆಗೂ ಉಳಿಯುತ್ತದೆ. ಈಗ ಹಣಕಾಸು ಯಾವ ಪಟ್ಟಿಯಲ್ಲಿದೆ ನೋಡಿ. ಬೇಗ ಸಡಿಲಾಗುವ ಪಟ್ಟಿಯಲ್ಲಿ! ಒಂದೇ ಬಿಲ್ಲನ್ನು ಎರಡು ಸಲ ಕಟ್ಟುವುದು, ಕಟ್ಟಬೇಕಾದ್ದನ್ನು ಮರೆಯುವುದು, ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹಣ ಕಳಿಸುವುದು ಮರೆವಿನ ಕಾಯಿಲೆಯ ತೀರಾ ಮುಂಚಿನ ಸೂಚನೆಗಳಾಗಿರಬಹುದು. ಅಂದರೆ 85ನೇ ವಯಸ್ಸಿನಲ್ಲೂ ಪ್ರತಿ ವರ್ಷ ಜಾಣ ನಿರ್ಧಾರ ಬೇಡುವ ಹೂಡಿಕೆಯ ಯೋಜನೆ, ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ, ದುರ್ಬಲ ಯೋಜನೆಯೇ. ವಯಸ್ಸಾಗುತ್ತ ಹೋದಂತೆ ಖಾತೆಗಳು ಕಡಿಮೆಯಾಗಬೇಕು, ಪಾವತಿಗಳು ತಾವಾಗಿಯೇ ನಡೆಯುವಂತಿರಬೇಕು, ತಮ್ಮ ಪರವಾಗಿ ಸಹಿ ಹಾಕುವವರು ಯಾರೆಂದು ಬುದ್ಧಿ ನಿಚ್ಚಳವಾಗಿರುವಾಗಲೇ ಕಾನೂನುಬದ್ಧವಾಗಿ ಬರೆದಿಡಬೇಕು. ಅರಿವು ಮಸುಕಾದ ಮೇಲೆ ಹಾಕಿದ ಸಹಿಯನ್ನು ಕಾನೂನು ಒಪ್ಪದೇ ಹೋಗಬಹುದು.

ಹಣದ ಲೆಕ್ಕ

ಸರಾಸರಿ ಆಯಸ್ಸನ್ನು ನೋಡಿ ಲೆಕ್ಕ ಹಾಕುವುದು ಎಲ್ಲರೂ ಬೀಳುವ ಗುಂಡಿ. ಜನನದ ವೇಳೆಯ ಸರಾಸರಿಯಲ್ಲಿ ಎಳವೆಯಲ್ಲೇ ತೀರಿಕೊಂಡವರೂ ಸೇರಿರುತ್ತಾರೆ. 60 ದಾಟಿದವರು ಅದಕ್ಕಿಂತ ಎಷ್ಟೋ ಹೆಚ್ಚು ಬದುಕುವ ಸಾಧ್ಯತೆಯಿದೆ. ದಂಪತಿಗಳಿದ್ದರಂತೂ ಇಬ್ಬರನ್ನೂ ಸೇರಿಸಿ ನೋಡಬೇಕು. ಒಬ್ಬೊಬ್ಬರೂ 90 ಮುಟ್ಟುವ ಸಂಭವ ಶೇ 30 ಎಂದುಕೊಳ್ಳಿ. ಇಬ್ಬರೂ ಮುಟ್ಟದಿರುವ ಸಂಭವ 0.7 × 0.7, ಅಂದರೆ 0.49. ಹಾಗಾದರೆ ಒಬ್ಬರಾದರೂ 90 ಮುಟ್ಟುವ ಸಂಭವ ಶೇ 51. ಅರ್ಧಕ್ಕಿಂತ ಹೆಚ್ಚು!

ಹಣದುಬ್ಬರಕ್ಕೆ 72ರ ಸೂತ್ರ ಸಾಕು: 72ನ್ನು ದರದಿಂದ ಭಾಗಿಸಿದರೆ ಬೆಲೆ ದುಪ್ಪಟ್ಟಾಗಲು ಬೇಕಾದ ವರ್ಷಗಳು ಸುಮಾರಾಗಿ ಸಿಗುತ್ತವೆ. ಶೇ 6ರ ದರದಲ್ಲಿ ಬೆಲೆ 12 ವರ್ಷಕ್ಕೆ ದುಪ್ಪಟ್ಟು, 24 ವರ್ಷಕ್ಕೆ ನಾಲ್ಕು ಪಟ್ಟು.

ಹೆಚ್ಚು ಜನ ಗಮನಿಸದೇ ಬಿಡುವುದು ಲಾಭ-ನಷ್ಟ ಬರುವ ಕ್ರಮವನ್ನು. ಹೂಡಿಕೆಯಲ್ಲಿ 100 ರೂಪಾಯಿ ಇದೆ, ಪ್ರತಿ ವರ್ಷದ ಕೊನೆಗೆ 10 ತೆಗೆಯುತ್ತೀರಿ. ಮೊದಲ ವರ್ಷ ಶೇ 20 ನಷ್ಟ, ಎರಡನೇ ವರ್ಷ ಶೇ 25 ಲಾಭ ಆದರೆ ಉಳಿಯುವುದು 77.5. ಅದೇ ಮೊದಲು ಲಾಭ, ಆಮೇಲೆ ನಷ್ಟ ಆದರೆ 82. ಏನೂ ತೆಗೆಯದಿದ್ದರೆ ಎರಡರಲ್ಲೂ ಸರಿಯಾಗಿ 100 ಉಳಿಯುತ್ತಿತ್ತು. ನಿವೃತ್ತಿಯ ಮೊದಲ ಕೆಲವು ವರ್ಷಗಳ ನಷ್ಟ ಇಷ್ಟೊಂದು ನೋಯಿಸುವುದು ಇದಕ್ಕೇ, ಆ ವರ್ಷಗಳ ಖರ್ಚಿನ ಹಣವನ್ನು ಏರಿಳಿತವಿಲ್ಲದ ಕಡೆ ಇಡಿ ಎನ್ನುವುದೂ ಇದಕ್ಕೇ. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಹೇಳಿದ ಶೇ 4ರ ನಿಯಮ (ಮೊದಲ ವರ್ಷ ಉಳಿತಾಯದ ಶೇ 4 ತೆಗೆದು, ಆಮೇಲೆ ಹಣದುಬ್ಬರದಷ್ಟೇ ಏರಿಸುತ್ತ ಹೋಗುವುದು) ಪರೀಕ್ಷೆಯಲ್ಲಿ ಬರುತ್ತದೆ. ಅದು ಅಮೆರಿಕದ ಮಾರುಕಟ್ಟೆಯ ಇತಿಹಾಸದಿಂದ, 30 ವರ್ಷದ ಅವಧಿಗೆ ತೆಗೆದ ಅಂಕಿ. ಅದನ್ನು ಎಲ್ಲ ದೇಶಕ್ಕೂ ಹಚ್ಚಬೇಡಿ.

ಆರೋಗ್ಯ

ಇಲ್ಲಿ ಕಾಯಿಲೆಗಳ ಪಟ್ಟಿಗಿಂತ ಕಾಲಿನ ಬಲಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಕುರ್ಚಿಯಿಂದೆದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎಂದು ಲೆಕ್ಕ. ಒಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಮೊದಲ ಪಟ್ಟಿಯ ಹಲವು ಕೆಲಸಗಳು ಒಟ್ಟಿಗೇ ಕೈಬಿಡುತ್ತವೆ, ಜತೆಗೇ ಖರ್ಚು ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಜತೆಗೆ, ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಹೇಳುತ್ತದೆ. ಬರೀ ವಾಕಿಂಗ್ ಸಾಲದು. ಐದು ಅಥವಾ ಹೆಚ್ಚು ಔಷಧಿ ನಡೆಯುತ್ತಿದ್ದರೆ ಎಲ್ಲವನ್ನೂ ಒಟ್ಟಿಗೆ ವೈದ್ಯರ ಮುಂದಿಟ್ಟು ಪರಿಶೀಲಿಸಿಕೊಳ್ಳಬೇಕು. ಕಿವಿ ಮಂದವಾದರೆ ಕಡೆಗಣಿಸಬೇಡಿ: ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಷಿಯಾಕ್ಕೆ (ಮರೆವಿನ ಕಾಯಿಲೆಗೆ) ದಾರಿಮಾಡುವ ಆದರೆ ಬದಲಿಸಬಹುದಾದ 14 ಅಂಶಗಳಲ್ಲಿ ಶ್ರವಣದೋಷವೂ ಒಂದು.

ಆರೈಕೆ

"ಮನೆಯಲ್ಲೇ ಯಾರಾದರೂ ನೋಡಿಕೊಳ್ಳುತ್ತಾರೆ" ಎಂಬ ಮಾತನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿ. ವಾರಕ್ಕೆ 168 ಗಂಟೆ. ಒಬ್ಬರ ದುಡಿಮೆ 48 ಗಂಟೆ. ಹಗಲು ರಾತ್ರಿ ಪಕ್ಕದಲ್ಲಿ ಯಾರಾದರೂ ಇರಲೇಬೇಕಾದರೆ ಅದು ಮೂರೂವರೆ ಜನರ ಕೆಲಸ. ಬಹಳಷ್ಟು ಮನೆಗಳಲ್ಲಿ ಇದನ್ನು ಹೊರುವುದು ಒಬ್ಬರು, ಹೆಚ್ಚಾಗಿ ಒಬ್ಬ ಹೆಂಗಸು. ಅವರ ಸಂಪಾದನೆ, ನಿದ್ದೆ, ಅವರದೇ ಮುಪ್ಪಿನ ಉಳಿತಾಯ ಎಲ್ಲ ಇದರಲ್ಲಿ ಕರಗುತ್ತದೆ. ಯಾವ ಬಜೆಟ್‌ನಲ್ಲೂ ಈ ಖರ್ಚು ಕಾಣದಿರುವುದು ದೊಡ್ಡ ಅನ್ಯಾಯ. ಆರೈಕೆ ಮಾಡುವವರಿಗೆ ಬಿಡುವು ಕೊಡುವ ವ್ಯವಸ್ಥೆಯನ್ನು ಯೋಜನೆಯಲ್ಲಿ ಹಣದ ಸಮೇತ ಬರೆಯಬೇಕು, ಯಾರು ಯಾವ ವಾರ ಬರುತ್ತಾರೆ ಎನ್ನುವಷ್ಟು ಸ್ಪಷ್ಟವಾಗಿ.

ಕೊನೆಗಾಲದ ಚಿಕಿತ್ಸೆಯ ಇಚ್ಛೆಯನ್ನು ಬರೆಸುವಾಗ ವೆಂಟಿಲೇಟರ್ ಬೇಕೋ ಬೇಡವೋ ಎಂಬಲ್ಲಿಗೆ ಮಾತು ನಿಲ್ಲಿಸಬೇಡಿ. ಯಾವ ಸ್ಥಿತಿಯ ಬದುಕು ಅವರಿಗೆ ಒಪ್ಪಿಗೆ, ಯಾವುದು ಅಲ್ಲ, ತಮಗೆ ಮಾತು ಹೊರಡದಾಗ ಯಾರು ಮಾತಾಡಬೇಕು ಎಂದು ಕೇಳಿ. ದೊಡ್ಡ ಕಾಯಿಲೆ ಬಂದಾಗ, ಸಂಗಾತಿ ತೀರಿಕೊಂಡಾಗ ಅದೇ ಕಾಗದವನ್ನು ಮತ್ತೆ ಅವರ ಜತೆ ಕೂತು ಓದಿ, ಬೇಕಾದ್ದನ್ನು ತಿದ್ದಿ. ಒಂದು ಪ್ರತಿ ವೈದ್ಯರ ಬಳಿಯೂ ಇರಲಿ.