ಎನ್‌ಎಚ್‌ಎಸ್ ಬಂದ ಮೇಲೆ ಲಂಡನ್ನಿನ ಬರೋ ಡಾಕ್ಟರಿಗೆ ಏನು ಕೆಲಸ ಉಳಿದಿತ್ತು?

ಓದುಗರ ಪ್ರಶ್ನೆ: 1948ರಲ್ಲಿ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ (ನ್ಯಾಷನಲ್ ಹೆಲ್ತ್ ಸರ್ವಿಸ್, ಸರ್ಕಾರಿ ಆರೋಗ್ಯ ಸೇವೆ) ಬಂದು ಆಸ್ಪತ್ರೆ, ಔಷಧಿ ಎಲ್ಲ ಪುಕ್ಕಟೆ ಆಯಿತಲ್ಲ. ಆಮೇಲೂ ಒಂದೊಂದು ಬರೋದಲ್ಲಿ ‘ಮೆಡಿಕಲ್ ಆಫೀಸರ್ ಆಫ್ ಹೆಲ್ತ್’ ಅಂತ ಒಬ್ಬರು ಯಾಕಿದ್ದರು? ಅವರು ಮಾಡುತ್ತಿದ್ದದ್ದಾದರೂ ಏನು?

ಈ ಪ್ರಶ್ನೆ ಪದೇ ಪದೇ ಬರುತ್ತದೆ. ಈ ಅಧಿಕಾರಿಗಳು ವರ್ಷವರ್ಷ ಬರೆದ ಲಂಡನ್ನಿನ ಹಳೆಯ ಆರೋಗ್ಯ ವರದಿಗಳನ್ನು ನೆಟ್‌ನಲ್ಲಿ ತಿರುವಿ ಹಾಕಿದವರಂತೂ ಕೇಳಿಯೇ ಕೇಳುತ್ತಾರೆ. ಚುಟುಕಾಗಿ ಹೇಳಿಬಿಡುತ್ತೇನೆ. ಹೆಸರಿಗೆ ಡಾಕ್ಟರು, ಓದಿದ್ದೂ ಡಾಕ್ಟರಿಕೆಯೇ. ಆದರೆ ಯಾರ ನಾಡಿಯನ್ನೂ ಹಿಡಿಯುವ ಕೆಲಸ ಅವರದಲ್ಲ. ಕಾಯಿಲೆ ಬಿದ್ದವರು ಆಸ್ಪತ್ರೆಗೆ ಹೋಗುತ್ತಿದ್ದರು. ಕಾಯಿಲೆ ಬೀಳಿಸುವ ಮನೆ, ಚರಂಡಿ, ಹಾಲು, ಇಲಿ, ಹೊಗೆ ಇವರ ಪಾಲಿಗೆ.

ಬರೋ ಅಂದರೆ ಸುಮಾರಾಗಿ ನಮ್ಮ ನಗರಸಭೆ ಇದ್ದ ಹಾಗೆ. ಲಂಡನ್ನಿನೊಳಗೆ 1900ರಿಂದ 1965ರವರೆಗೆ ಇಂಥ 28 ಮೆಟ್ರೊಪಾಲಿಟನ್ ಬರೋಗಳಿದ್ದವು, ಅವುಗಳ ಮೇಲೆ ಲಂಡನ್ ಕೌಂಟಿ ಕೌನ್ಸಿಲ್. ಎನ್‌ಎಚ್‌ಎಸ್ ಬರುವ ಮುಂಚೆ ಈ ಬರೋಗಳು ಎಷ್ಟು ದೂರ ಹೋಗಿದ್ದವು ಅನ್ನುವುದಕ್ಕೆ ಫಿನ್ಸ್‌ಬರಿಯನ್ನು ನೋಡಬೇಕು. ಚಿಕ್ಕ ಬರೋ, ಬಡವರ ಬರೋ, ಕಿಕ್ಕಿರಿದ ಮನೆಗಳು. ಅಲ್ಲಿನ ಕೌನ್ಸಿಲ್‌ನಲ್ಲಿ ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾಗಿದ್ದವರು ಡಾಕ್ಟರ್ ಚುನಿ ಲಾಲ್ ಕಟಿಯಾಲ್, ಪಂಜಾಬಿನಿಂದ ಹೋದವರು. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಇವರ ಮನೆಯಲ್ಲೇ. ಇವರ ಹಠದಿಂದ ಫಿನ್ಸ್‌ಬರಿ ಹೆಲ್ತ್ ಸೆಂಟರ್ ಎದ್ದು, 1938ರಲ್ಲಿ ಬಾಗಿಲು ತೆರೆಯಿತು. ಕ್ಷಯದ ಕ್ಲಿನಿಕ್, ಹಲ್ಲಿನ ಕ್ಲಿನಿಕ್, ಪಾದದ ಕ್ಲಿನಿಕ್, ತಿಗಣೆ ಹತ್ತಿದ ಹಾಸಿಗೆ ಬಟ್ಟೆಗಳನ್ನು ಶುದ್ಧ ಮಾಡುವ ವಿಭಾಗ, ಕೊನೆಗೆ ಶವಾಗಾರ ಕೂಡ, ಎಲ್ಲಾ ಒಂದೇ ಸೂರಿನ ಕೆಳಗೆ. ಅದೇ ವರ್ಷ ಕಟಿಯಾಲ್ ಅಲ್ಲಿನ ಮೇಯರ್ ಆದರು. ಆಮೇಲೆ 1948ರಲ್ಲಿ ಭಾರತಕ್ಕೆ ಬಂದು ಇಎಸ್‌ಐ ನಿಗಮದ ಮೊದಲ ಮಹಾನಿರ್ದೇಶಕರಾದರು. ಪೀಣ್ಯದ ಕಾರ್ಖಾನೆ ಕೆಲಸಗಾರರ ಜೇಬಿನಲ್ಲಿರುವ ಇಎಸ್‌ಐ ಕಾರ್ಡಿನ ಹಿಂದೆ ಲಂಡನ್ನಿನ ಒಂದು ಬರೋದ ಅನುಭವವೂ ಇದೆ ಅಂದರೆ ತಪ್ಪಾಗದು.

ಸರಿ, 1948ರ ಜುಲೈ 5ಕ್ಕೆ ಬರೋಣ. ಅವತ್ತಿನಿಂದ ಆಸ್ಪತ್ರೆಗಳು ಸರ್ಕಾರದ ಕೈಗೆ ಹೋದವು. ತಾಯಿ ಮಗುವಿನ ಕ್ಲಿನಿಕ್, ಲಸಿಕೆ, ಮನೆಗೆ ಬರುವ ಹೆಲ್ತ್ ವಿಸಿಟರ್, ಇವೆಲ್ಲ ಲಂಡನ್ನಿನಲ್ಲಿ ಕೌಂಟಿ ಕೌನ್ಸಿಲ್ ಪಾಲಾದವು. ಬರೋ ಆಫೀಸರಿಗೆ ಉಳಿದದ್ದು ಯಾರಿಗೂ ಬೇಡವಾದ ಕೆಲಸ ಅಂತ ಕಾಣಿಸಬಹುದು. ನನ್ನ ಪ್ರಕಾರ ಅಸಲಿ ಕೆಲಸ ಉಳಿದದ್ದೇ ಅಲ್ಲಿ.

ಯಾಕೆ ಅಂತೀರಾ? 1951ರ ಜನಗಣತಿ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೂರು ಸಂಸಾರಗಳಲ್ಲಿ ಒಂದಕ್ಕಿಂತ ಜಾಸ್ತಿ ಸಂಸಾರಗಳಿಗೆ ಮನೆಯಲ್ಲಿ ಸ್ನಾನದ ತೊಟ್ಟಿಯೇ ಇರಲಿಲ್ಲ. ಜನ ಕೌನ್ಸಿಲ್‌ನ ಸ್ನಾನದ ಮನೆಗೆ ಹೋಗಿ, ದುಡ್ಡು ಕೊಟ್ಟು, ಚೀಟಿ ತಗೊಂಡು ಸರದಿಗೆ ಕಾಯುತ್ತಿದ್ದರು. ಎಷ್ಟೋ ಕಡೆ ಬಿಸಿನೀರಿನ ನಲ್ಲಿ ಒಳಗಿರುತ್ತಲೇ ಇರಲಿಲ್ಲ. ಅದನ್ನು ಹೊರಗಿನಿಂದ ತಿರುಗಿಸುವವನೊಬ್ಬ ಇರುತ್ತಿದ್ದ. ತಣ್ಣಗಾಯಿತು ಅಂದರೆ ಒಳಗಿಂದಲೇ ‘ನಾಲ್ಕನೇ ನಂಬರಿಗೆ ಇನ್ನಷ್ಟು ಬಿಸಿನೀರು!’ ಅಂತ ಕೂಗಬೇಕು.

ಇಂಥ ಊರಿನಲ್ಲಿ ಆರೋಗ್ಯಾಧಿಕಾರಿಯ ಕೈಕಾಲು ಅಂದರೆ ಸ್ಯಾನಿಟರಿ ಇನ್ಸ್‌ಪೆಕ್ಟರ್. ನಮ್ಮಲ್ಲೂ ಚಿರಪರಿಚಿತ ಹೆಸರು, ಅಲ್ವಾ? ಅಲ್ಲಿ 1956ರಲ್ಲಿ ಕಾನೂನು ಮಾಡಿಯೇ ‘ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್’ ಅಂತ ಬದಲಾಯಿಸಿದರು. ಬೂಟು ಅದೇ, ಬ್ಯಾಗು ಅದೇ.

ಒಂದು ದೂರು ಬಂತು ಅಂದುಕೊಳ್ಳಿ. ನೆಲಮಾಳಿಗೆಯ ಗೋಡೆ ಸದಾ ಒದ್ದೆ, ಏನೋ ನಾತ. ಮಳೆ ನೀರೋ, ಒಡೆದ ಚರಂಡಿಯೋ? ಮನೆ ಮಾಲೀಕ ಮಳೆ ಅಂತಾನೆ, ಸಹಜ. ಇನ್ಸ್‌ಪೆಕ್ಟರ್ ಮೇಲಿನ ಪಾಯಿಖಾನೆಗೆ ಫ್ಲೋರೆಸೀನ್ ಎಂಬ ಬಣ್ಣ ಹಾಕಿ ನೀರು ಬಿಡುತ್ತಾನೆ. ಕೆಳಗೆ ಬಂದು ಕಾಯುತ್ತಾನೆ. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಲ್ಲಿ ಹೊಳೆಯುವ ಹಸಿರು ಜಿನುಗಿದರೆ ವಾದ ಮುಗಿಯಿತು. ಆಮೇಲೆ ಮಾಲೀಕನಿಗೆ ನೋಟಿಸು, ಅದಕ್ಕೂ ಬಗ್ಗದಿದ್ದರೆ ಕಾನೂನು ಪ್ರಕಾರ ಇನ್ನೊಂದು ನೋಟಿಸು, ಕೊನೆಗೆ ಮ್ಯಾಜಿಸ್ಟ್ರೇಟ್ ಕೋರ್ಟು. 1957ರ ಬಾಡಿಗೆ ಕಾಯಿದೆ ಬಂದ ಮೇಲೆ ಇನ್ನೂ ಒಂದು ಅಸ್ತ್ರ ಸೇರಿತು: ಮನೆ ರಿಪೇರಿಯಾಗಿಲ್ಲ ಅಂತ ಬಾಡಿಗೆದಾರ ಕೌನ್ಸಿಲ್‌ನಿಂದ ಸರ್ಟಿಫಿಕೇಟ್ ತಂದರೆ ಮಾಲೀಕನಿಗೆ ಏರಿಸಿದ ಬಾಡಿಗೆ ದಕ್ಕುತ್ತಿರಲಿಲ್ಲ.

ಕಿಕ್ಕಿರಿದ ಮನೆ ಯಾವುದು ಅಂತ ತೀರ್ಮಾನಿಸುವ ಲೆಕ್ಕವಂತೂ ಮಜವಾಗಿದೆ. ಒಂದು ಕೋಣೆಗೆ ಇಬ್ಬರು, ಎರಡಕ್ಕೆ ಮೂವರು, ಮೂರಕ್ಕೆ ಐವರು. ಹತ್ತು ವರ್ಷದೊಳಗಿನ ಮಗು ಅರ್ಧ ಆಳು. ಒಂದು ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ! ಗಂಡ, ಹೆಂಡತಿ, ಮೂರು ಮತ್ತು ಐದು ವರ್ಷದ ಇಬ್ಬರು ಮಕ್ಕಳು, ಆರು ತಿಂಗಳ ಕೂಸು ಎರಡೇ ಕೋಣೆಯಲ್ಲಿದ್ದರೂ ಕಾನೂನಿನ ಕಣ್ಣಿಗೆ ಮೂವರೇ, ಆ ಮನೆ ಕಿಕ್ಕಿರಿದಿಲ್ಲ. ಅಡುಗೆ ಊಟ ಎಲ್ಲ ನಡೆಯುವ ಕೋಣೆಯನ್ನೂ ಮಲಗುವ ಕೋಣೆಯ ಲೆಕ್ಕಕ್ಕೆ ಸೇರಿಸುತ್ತಿದ್ದರು. ಹಾಗಾಗಿ ವರದಿಗಳಲ್ಲಿ ‘ಕಿಕ್ಕಿರಿದ ಮನೆಗಳು’ ಅಂತ ಸಣ್ಣ ಸಂಖ್ಯೆ ಕಂಡರೆ ಸುಮ್ನೆ ನಂಬಬೇಡಿ.

ಇನ್ನು ಐಸ್‌ಕ್ರೀಮ್. ವರದಿಗಳಲ್ಲಿ ಅದಕ್ಕೇಕೆ ಪುಟಗಟ್ಟಲೆ ಜಾಗ ಅಂತ ಎಲ್ಲರೂ ಕೇಳುತ್ತಾರೆ. 1946ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಐಸ್‌ಕ್ರೀಮ್ ತಿಂದ ನೂರಕ್ಕೂ ಜಾಸ್ತಿ ಜನರಿಗೆ ಟೈಫಾಯ್ಡ್ ಬಂತು. ಮಾಡಿ ಮಾರುತ್ತಿದ್ದವನ ಮೈಯಲ್ಲೇ ರೋಗಾಣು ಉಳಿದುಕೊಂಡಿತ್ತು. ಮರುವರ್ಷವೇ ನಿಯಮ ಬಂತು: ಮಿಶ್ರಣವನ್ನು 150 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ, ಇಲ್ಲವೇ 160ರಲ್ಲಿ ಹತ್ತು ನಿಮಿಷ ಕಾಯಿಸಬೇಕು, ಆಮೇಲೆ ಒಂದೂವರೆ ಗಂಟೆಯೊಳಗೆ 45 ಡಿಗ್ರಿಗೆ ಇಳಿಸಬೇಕು. ಇನ್ಸ್‌ಪೆಕ್ಟರ್ ಗಾಡಿಯವನ ಹತ್ತಿರ ಒಂದಿಷ್ಟು ತಗೊಂಡು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದ. ಅಲ್ಲಿ ಮೀಥಿಲೀನ್ ಬ್ಲೂ ಎಂಬ ನೀಲಿ ಬೆರೆಸಿ ನೋಡುತ್ತಿದ್ದರು. ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಹೋಗುತ್ತದೆ. ನಾಲ್ಕೂವರೆ ಗಂಟೆಯಾದರೂ ಬಣ್ಣ ನಿಂತರೆ ಮೊದಲ ದರ್ಜೆ, ಶುರುವಿಗೇ ಮಾಯವಾದರೆ ನಾಲ್ಕನೆಯದು. ವರದಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಕಾಣುವುದು ಇದೇ.

ಇಲಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1949ರ ಕಾಯಿದೆಯಿಂದ ಅದು ಕೌನ್ಸಿಲ್‌ನ ಹೊಣೆ. ಹೊಸ ತಿಂಡಿ ಕಂಡರೆ ಇಲಿಗೆ ಅನುಮಾನ, ಹಾಗಾಗಿ ಮೊದಲು ಕೆಲವು ದಿನ ಬರೀ ತಿಂಡಿ ಇಟ್ಟು ಸಲಿಗೆ ಬೆಳೆಸಿ, ಆಮೇಲೆ ವಿಷ. ಮ್ಯಾನ್‌ಹೋಲ್‌ನೊಳಗೂ ಹೀಗೇ ಇಡುತ್ತಿದ್ದರು.

ಹೊಗೆಯ ಮುಂದೆ ಮಾತ್ರ ಈ ಬಣ್ಣ, ವಿಷ ಯಾವುದೂ ನಡೆಯಲಿಲ್ಲ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಮೇಲೆ ಕವಿದ ಹೊಗೆಮಂಜಿಗೆ ಸುಮಾರು 4,000 ಜನ ಬಲಿಯಾದರು ಅಂತ ಅಂದಿನ ಲೆಕ್ಕ, ಈಚಿನ ಸಂಶೋಧಕರು 12,000ದವರೆಗೂ ಹೇಳುತ್ತಾರೆ. ಕಾರಣಗಳಲ್ಲಿ ದೊಡ್ಡದು ಮನೆಮನೆಯ ಕಲ್ಲಿದ್ದಲ ಒಲೆ. 1956ರ ಕ್ಲೀನ್ ಏರ್ ಕಾಯಿದೆ ಬರೋಗಳಿಗೆ ‘ಹೊಗೆ ನಿಯಂತ್ರಣ ಪ್ರದೇಶ’ ಘೋಷಿಸುವ ಅಧಿಕಾರ ಕೊಟ್ಟಿತು. ಆದರೆ ಮನೆಯ ಬೆಂಕಿಗೂಡಿನ ಮುಂದೆ ಕೂತು ಬೆಳೆದವರಿಗೆ ಅದನ್ನು ಬಿಡಿ ಅಂತ ಹೇಳುವುದು ಸುಲಭವಲ್ಲ. ಹಾಗಾಗಿ ಒಲೆ ಬದಲಾಯಿಸುವ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲು ವಾಪಸ್ ಕೊಡುತ್ತಿದ್ದರು. ಬೀದಿ ಬೀದಿ ಅಲೆದು, ಪ್ರತಿ ಮನೆಯ ಒಲೆ ಎಣಿಸಿ, ಅರ್ಜಿ ತುಂಬಿಸಿದವರು ಮತ್ತೆ ಅದೇ ಇನ್ಸ್‌ಪೆಕ್ಟರುಗಳು.

1974ರ ಏಪ್ರಿಲ್ 1ರಂದು ಈ ಆರೋಗ್ಯಾಧಿಕಾರಿಯ ಹುದ್ದೆಯೇ ಹೋಯಿತು. ಲಂಡನ್ನಿನ 1848ರಿಂದ 1972ರವರೆಗಿನ 5,500ಕ್ಕೂ ಹೆಚ್ಚು ವರದಿಗಳನ್ನು ವೆಲ್‌ಕಮ್ ಗ್ರಂಥಾಲಯ ಪುಕ್ಕಟೆಯಾಗಿ ನೆಟ್‌ನಲ್ಲಿ ಇಟ್ಟಿದೆ. ಮೊದಲ ಸಲ ನೋಡುವವರು ಮುನ್ನುಡಿ ಬಿಟ್ಟು ನೇರವಾಗಿ ಹಿಂದಿನ ಪುಟಗಳಿಗೆ ಹೋಗಿ, ತಿನ್ನಲು ಯೋಗ್ಯವಲ್ಲ ಅಂತ ಎಸೆದ ಆಹಾರದ ಪಟ್ಟಿ ಹುಡುಕಿ. ಆ ವರ್ಷ ಆ ಬೀದಿಯ ಅಂಗಡಿಗಳಲ್ಲಿ ಏನೇನು ಮಾರುತ್ತಿದ್ದರು ಅನ್ನುವುದೂ ಅಲ್ಲೇ ಸಿಗುತ್ತದೆ.