ಜಲ್ಲಿ ರಾಶಿ ಥರ ಕಾಣೋ ಗುಡ್ಡ, ಅದರಲ್ಲಿ ಬೆರಳುದ್ದದ ಗಿಡ

ಬ್ರಿಟನ್ನಿನಲ್ಲಿ ಜನ ವಾಸ ಇರೋ ದ್ವೀಪಗಳ ಪೈಕಿ ಉತ್ತರದ ತುತ್ತತುದೀಲಿರೋದು ಅನ್‌ಸ್ಟ್, ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಒಂದು. ಅಲ್ಲಿ ಕೀನ್ ಆಫ್ ಹಮಾರ್ ಅಂತ ಒಂದು ಗುಡ್ಡ ಇದೆ, ದೂರದಿಂದ ನೋಡಿದ್ರೆ ಯಾರೋ ಲಾರಿಗಟ್ಲೆ ಜಲ್ಲಿ ತಂದು ಸುರಿದು ಹೋದಂಗೆ ಕಾಣುತ್ತೆ. ಮರ ಇಲ್ಲ, ಪೊದೆ ಇಲ್ಲ. ಮಂಡಿಯೂರಿ ಕೂತು ನೋಡಿದ್ರೆ ಮಾತ್ರ ಕಲ್ಲಿನ ಸಂದೀಲಿ ಬೆರಳುದ್ದದ ಗಿಡ, ಕಪ್ಪು ನೇರಳೆ ಬಣ್ಣಕ್ಕೆ ತಿರುಗಿದ ಎಲೆ, ಗಿಡಾನೇ ಹೊರಲಾರದು ಅನ್ನಿಸೋವಷ್ಟು ದೊಡ್ಡ ಬಿಳಿ ಹೂವು, ಐದೆಸಳು. ಅದೇ ಎಡ್ಮಂಡ್‌ಸ್ಟನ್ ಚಿಕ್‌ವೀಡ್. ಇಡೀ ಪ್ರಪಂಚದಲ್ಲಿ ಕಾಡುಗಿಡವಾಗಿ ಇರೋದು ಇದೊಂದೇ ದ್ವೀಪದಲ್ಲಿ.

1837ರಲ್ಲಿ ಇದನ್ನ ಗುರುತಿಸಿದ್ದು ಅದೇ ದ್ವೀಪದ ಹುಡುಗ ಥಾಮಸ್ ಎಡ್ಮಂಡ್‌ಸ್ಟನ್, ಆಗ ಅವನಿಗೆ ಹನ್ನೊಂದು-ಹನ್ನೆರಡು ವರ್ಷ. 1845ರಲ್ಲಿ ಶೆಟ್‌ಲ್ಯಾಂಡ್ ಸಸ್ಯಗಳ ಬಗ್ಗೆ ಪುಸ್ತಕಾನೇ ತಂದ, ಅದೇ ವರ್ಷ ಹೆರಾಲ್ಡ್ ಅನ್ನೋ ಬ್ರಿಟಿಷ್ ನೌಕಾಪಡೆ ಹಡಗಿನ ಯಾನಕ್ಕೆ ಹೋದವನು 1846ರಲ್ಲಿ ದಕ್ಷಿಣ ಅಮೆರಿಕದ ತೀರದಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿ ತೀರ್ಕೊಂಡ. ಇಪ್ಪತ್ತೇ ವರ್ಷ. ಪ್ರತಿ ಸಲ ಓದಿದಾಗ್ಲೂ ಹೊಟ್ಟೇಲಿ ಸಂಕಟ ಆಗುತ್ತೆ.

ಇಲ್ಲಿ ಗಿಡ ಯಾಕೆ ಕುಳ್ಳಗಿದೆ? ಗಾಳಿ ಅಂತೀರಾ, ನಿಜ, 1992ರ ಜನವರಿ 1ರಂದು ಇದೇ ದ್ವೀಪದಲ್ಲಿ ಗಂಟೆಗೆ 197 ಮೈಲಿ ವೇಗದ ಗಾಳಿ ಬೀಸಿತ್ತು ಅನ್ನೋ ಅನಧಿಕೃತ ದಾಖಲೆ ಇದೆ. ಆದ್ರೆ ಅರ್ಧ ಕಥೆ ಕಲ್ಲಲ್ಲೇ ಇದೆ. ಇದು ಸರ್ಪೆಂಟೈನ್ ಅನ್ನೋ ಕಲ್ಲು, ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳಕ್ಕಿಂತ ಕೆಳಗಿದ್ದು ಭೂಮಿಯ ಒತ್ತಡಕ್ಕೆ ಮೇಲೆ ಬಂದಿರೋದು. ಮೆಗ್ನೀಸಿಯಂ, ನಿಕ್ಕಲ್, ಕ್ರೋಮಿಯಂ ಜಾಸ್ತಿ, ಗಿಡಕ್ಕೆ ಬೇಕಾದ ರಂಜಕ, ಕ್ಯಾಲ್ಸಿಯಂ ತೀರಾ ಕಮ್ಮಿ. ಮಳೆ ಎಷ್ಟು ಬಂದ್ರೂ ಜಲ್ಲಿ ಸಂದೀಲಿ ಇಳಿದು ಹೋಗುತ್ತೆ, ನಾಲ್ಕು ದಿನ ಒಣಹವೆ ಇದ್ರೆ ಸಾಕು ಬೇರು ಬಾಯಾರುತ್ತೆ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕರಗಿ, ಮತ್ತೆ ಹೆಪ್ಪುಗಟ್ಟಿ, ದಪ್ಪ ಕಲ್ಲು ಸಣ್ಣ ಕಲ್ಲು ಬೇರೆ ಬೇರೆ ಆಗಿ ಇಳಿಜಾರಿನುದ್ದಕ್ಕೂ ಪಟ್ಟೆ ಎಳೆದಂಗೆ ಜೋಡಣೆ ಆಗಿರುತ್ತೆ, ಅಂದ್ರೆ ಗಿಡ ಬೇರು ಊರೋ ನೆಲಾನೇ ಜರುಗ್ತಾ ಇರುತ್ತೆ.

ಕ್ರೋಮಿಯಂ ಅದಿರಿಗೋಸ್ಕರ 19ನೇ ಶತಮಾನದಲ್ಲಿ ದ್ವೀಪವನ್ನ ಅಗೆದಿದ್ದೂ ಆಯ್ತು. ಆದ್ರೆ ನನಗೆ ಗಣಿಗಿಂತ ಹೆಚ್ಚು ಭಯ ಗೊಬ್ಬರದ್ದು. ಈಗ ಈ ಗುಡ್ಡ ರಾಷ್ಟ್ರೀಯ ನಿಸರ್ಗಧಾಮ ನಿಜ, ಆದ್ರೆ ಇಂಥ ಬಡ ನೆಲಕ್ಕೆ ಗೊಬ್ಬರದಲ್ಲಿರೋ ರಂಜಕ ಬಿದ್ರೆ ಎಲ್ಲ ಕಡೆ ಸಿಗೋ ಹುಲ್ಲು ಹಬ್ಬಿ ಈ ಪುಟ್ಟ ಗಿಡಗಳನ್ನ ಮುಚ್ಚಿಬಿಡುತ್ತೆ. ಅದನ್ನ ನಾವು ನೆಲ ಚೆನ್ನಾಯ್ತು ಅಂತೀವಿ!