ಫರ್ನೇಸ್ ಬಾಗಿಲಿಂದ ನೀರಿನ ತೊಟ್ಟಿವರೆಗೆ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೀಟ್ ಟ್ರೀಟ್‌ಮೆಂಟ್ ಜಾಬ್ ವರ್ಕ್ ನೋಡ್ಕೋತೀನಿ. ಅಲ್ಯೂಮಿನಿಯಂ ಪಾರ್ಟ್ಸ್ ಮಾಡೋರು ಬಂದು ಕೇಳೋದು ಒಂದೇ, "ಸಾರ್, ಏಜಿಂಗ್ ಸರಿಯಾಗೇ ಹಾಕಿದೀವಿ, ಆದ್ರೂ ಹಾರ್ಡ್‌ನೆಸ್ ಬರ್ತಿಲ್ಲ." ಏಜಿಂಗ್ ಅಂದ್ರೆ ಕಾಯಿಸಿ ನೀರಿಗೆ ಅದ್ದಿದ ಮಾಲನ್ನ ಕಮ್ಮಿ ಶಾಖದ ಓವನ್‌ನಲ್ಲಿ ಗಂಟೆಗಟ್ಟಲೆ ಇಟ್ಟು ಗಟ್ಟಿ ಮಾಡೋದು. ನಾನು ವಾಪಸ್ ಕೇಳೋದೂ ಒಂದೇ, ಫರ್ನೇಸ್ ಬಾಗಿಲು ತೆಗೆದ್ಮೇಲೆ ಮಾಲು ನೀರಿಗೆ ಬೀಳೋಕೆ ಎಷ್ಟು ಸೆಕೆಂಡ್ ಆಗುತ್ತೆ?

ಕಮ್ಮಾರರು ಕುಡುಗೋಲನ್ನ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ರೆ ಅಲ್ಲೇ ಗಟ್ಟಿ ಆಗೋಗುತ್ತೆ. ಅಲ್ಯೂಮಿನಿಯಂ ಹಾಗಲ್ಲ, ನೀರಿಂದ ಎತ್ತಿದಾಗ ಮೆತ್ತಗೇ ಇರುತ್ತೆ, ಗಟ್ಟಿ ಆಗೋದು ಆಮೇಲೆ. ಇದನ್ನ ಮೊದಲು ಗಮನಿಸಿದ್ದು 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್. ಇನ್ನೊಂದು, ಅಲ್ಯೂಮಿನಿಯಂ ಕೆಂಪಗಾಗೋದೂ ಇಲ್ಲ, 660 ಡಿಗ್ರಿಗೆ ಬಣ್ಣ ತೋರಿಸದೇ ಕರಗೋಗುತ್ತೆ, ಹಂಗಾಗಿ ಕಣ್ಣಂದಾಜು ಬೇಡವೇ ಬೇಡ, ಶಾಖ ಅಳೆಯೋ ಥರ್ಮೋಕಪಲ್ ನಂಬಿ.

6061 ಅಂದ್ರೆ ಮೆಗ್ನೀಷಿಯಂ, ಸಿಲಿಕಾನ್ ಸೇರಿರೋ ಅಲ್ಯೂಮಿನಿಯಂ ಮಾಲು. 530 ಡಿಗ್ರಿ ಹತ್ರ ಇವೆರಡೂ ಅಲ್ಯೂಮಿನಿಯಂ ಒಳಗೇ ಕರಗಿ ಒಂದಾಗ್ತವೆ. ಸಕ್ಕರೆ ಪಾಕ ನೆನಪಿಸಿಕೊಳ್ಳಿ, ನಿಧಾನಕ್ಕೆ ಆರೋಕೆ ಬಿಟ್ರೆ ದಪ್ಪ ಹರಳು ಕಟ್ಟುತ್ತಲ್ಲ, ಇಲ್ಲೂ ಅಷ್ಟೇ, 400ರಿಂದ 290 ಡಿಗ್ರಿ ಮಧ್ಯೆ ನಿಧಾನ ಆದ್ರೆ ದಪ್ಪ ದಪ್ಪ ಕಣ ಕಟ್ಕೊಂಡ್ಬಿಡುತ್ತೆ, ಆಮೇಲೆ 175 ಡಿಗ್ರಿಲಿ 8 ಗಂಟೆ ಏಜಿಂಗ್ ಹಾಕಿದ್ರೂ ಗಟ್ಟಿ ಮಾಡೋ ಸಣ್ಣ ಕಣಕ್ಕೆ ಸಾಮಾನೇ ಉಳಿದಿರಲ್ಲ.

ಒಂದು ಏಪ್ರಿಲ್‌ನಲ್ಲಿ ನಮ್ಮಲ್ಲೇ ಆಯ್ತು. 3 ಎಂಎಂ ದಪ್ಪದ 6061 ಬ್ರಾಕೆಟ್, ಬ್ರಿನೆಲ್ (ಹಾರ್ಡ್‌ನೆಸ್ ಅಳೆಯೋ ಲೆಕ್ಕ) 95 ಹತ್ರ ಬರಬೇಕಾದ್ದು 80 ದಾಟ್ಲಿಲ್ಲ. ಎಲ್ರೂ ಏಜಿಂಗ್ ಓವನ್ ಮೇಲೆ ಅನುಮಾನ ಪಟ್ರು, ಚಾರ್ಟ್ ನೋಡಿದ್ರೆ ಏನೂ ತಪ್ಪಿಲ್ಲ. ಮಾರನೇ ದಿನ ಸ್ಟಾಪ್‌ವಾಚ್ ಹಿಡ್ಕೊಂಡು ಫರ್ನೇಸ್ ಪಕ್ಕನೇ ನಿಂತೆ. ಬಾಸ್ಕೆಟ್ ಎತ್ತಿ ಇಳಿಸೋ ಹಾಯ್ಸ್ಟ್ ಚೈನ್ ಅರ್ಧದಲ್ಲಿ ಸಿಕ್ಕಾಕೊಳ್ತಿತ್ತು, ಹುಡುಗ್ರು ಎಳೆದು ಜಗ್ಗಿ ಬಾಸ್ಕೆಟ್ ಇಳಿಸೋಷ್ಟ್ರಲ್ಲಿ 40 ಸೆಕೆಂಡ್! ಅಷ್ಟು ತೆಳು ಮಾಲು ಗಾಳಿಲೇ ಅರ್ಧ ಆರೋಗಿರುತ್ತೆ. ತೊಟ್ಟಿಗೆ ಕೈ ಇಟ್ರೆ ನೀರು ಸುಡ್ತಿದೆ, ಬಾಸ್ಕೆಟ್ ಮೇಲೆ ಬಾಸ್ಕೆಟ್ ಮುಳುಗಿಸಿ 50 ಡಿಗ್ರಿ ಆಗಿತ್ತು. ಬಿಸಿ ನೀರಲ್ಲಿ ಮಾಲಿನ ಸುತ್ತ ಹಬೆ ಪದರ ಜಾಸ್ತಿ ಹೊತ್ತು ನಿಂತು ಶಾಖ ಹೊರಗೆ ಬಿಡಲ್ಲ. (ಎ356 ಅನ್ನೋ ಎರಕದ ಅಲ್ಯೂಮಿನಿಯಂ ಮಾಲಿಗೆ ಸೊಟ್ಟ ಆಗದಿರ್ಲಿ ಅಂತ 60-80 ಡಿಗ್ರಿ ನೀರು ಬೇಕಂತಲೇ ಇಡ್ತೀವಿ, ಅದು ಬೇರೆ ಲೆಕ್ಕ.)

ಚೈನ್ ಬದಲಾಯಿಸಿ, ತೊಟ್ಟಿಯನ್ನ ಫರ್ನೇಸ್ ಬಾಗಿಲ ಬುಡಕ್ಕೇ ತಂದು, ನೀರು ತಿರುಗಿಸೋ ಪಂಪ್ ಹಾಕಿದ್ವಿ. ಈಗ 7 ಸೆಕೆಂಡ್. ಅದೇ ಬ್ರಾಕೆಟ್‌ಗಳನ್ನ ಮತ್ತೆ 530ಕ್ಕೆ ಕಾಯಿಸಿ ನೀರಿಗೆ ಅದ್ದಿ ಕ್ವೆಂಚ್ ಮಾಡಿ, ಇನ್ನೂ ಮೆತ್ತಗಿರೋವಾಗ್ಲೇ, ಒಂದು ಗಂಟೆ ಒಳಗೆ, ಸೊಟ್ಟ ಆಗಿದ್ದನ್ನೆಲ್ಲ ಮರದ ಸುತ್ತಿಗೆಲಿ ನೇರ ಮಾಡಿ ರಾತ್ರಿ ಓವನ್‌ಗೆ ಹಾಕಿದ್ವಿ. ಬೆಳಿಗ್ಗೆ ಮೊದಲ ಪೀಸ್ ನೋಡಿದ್ರೆ 96.